ಗೋಣಿಚೀಲದ ನೊರೆ

ಬಾವಿ ತೋಡಿದವರ ಎದುರಿಗೇ ನಿಂತು ಬಾವಿ ಮುಚ್ಚುವ ನೋಟೀಸು ಓದಬೇಕಾಗಿ ಬಂದದ್ದು ಮುನಸಿಪಾಲಿಟಿಯ ಮುಕಾದಮ ಅವಧೂತನ ದುರ್ದೈವ. ಎಂಬತ್ಮೂರರ ನವೆಂಬರಿನ ಒಂದು ಬೆಳಿಗ್ಗೆ ಆತ ಪುಣೆಯ ಅಂಚಿನ ಹಡಪಸರದ ಆಚೆ, ಮಗರಪಟ್ಟಾದ ಕಬ್ಬಿನ ಹೊಲಗಳ ಮಗ್ಗುಲಿಗಿದ್ದ ಕನ್ನಡದವರ ವಸ್ತಿಗೆ ಸೈಕಲ್ ತುಳಿದುಕೊಂಡು ಬಂದ. ಬಾವಿಯ ಕಟ್ಟೆಗೆ ಕಾಗದ ಅಂಟಿಸಿ ಮರಾಠಿಯಲ್ಲಿ ಗಟ್ಟಿಯಾಗಿ ಓದಿದ. ಓದಿ ಮುಗಿಸುವವರೆಗೆ ತಲೆ ಎತ್ತಲಿಲ್ಲ. ಬರುವ ಜೂನ್ ಒಂದನೇ ತಾರೀಖು ಲಾರಿಯಲ್ಲಿ ಗರಸು ಮಣ್ಣು ತಂದು ಈ ಬಾವಿಯನ್ನು ಮುಚ್ಚಲಾಗುವುದು. ನೀರು ಕೆಟ್ಟಿದೆ, ಎಣ್ಣೆಗೆ ಬೆಂಕಿ ತಾಗುವ ಭಯವಿದೆ, ಮಕ್ಕಳಿಗೆ ಅಪಾಯ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಆ ಬಾವಿಯನ್ನು ಗುತ್ತಿಗೆದಾರ ತೋಡಿಸಿರಲಿಲ್ಲ, ಸರಕಾರವೂ ತೋಡಿಸಿರಲಿಲ್ಲ. ರಾಯಚೂರು ಸೀಮೆಯಿಂದ ಬಂದ ಹದಿನಾರು ಮನೆಯವರು ಹಗಲೆಲ್ಲ ಪುಣೆಯ ಮಂದಿಗೆ ಮನೆ ಕಟ್ಟಿ, ಸಂಜೆಗೆ ಉಳಿದ ಕಸುವಿನಲ್ಲಿ ಎರಡು ವರ್ಷ ಅಗೆದು, ಕರಿಕಲ್ಲು ಕಟ್ಟಿ ಮುಗಿಸಿದ ಬಾವಿ. ಹುಲಿಗೆವ್ವನ ಗಂಡ ಹುಸೇನಪ್ಪ ಕೆಳಗೆ ಇಳಿದು ಅಗೆದವರಲ್ಲಿ ಒಬ್ಬ. ಹುಲಿಗೆವ್ವ ಮಣ್ಣು ಹೊತ್ತವಳು. ಬುಟ್ಟಿ ಕೂತು ಕೂತು ಅವಳ ನೆತ್ತಿಯ ಮೇಲೆ ರೂಪಾಯಿಯಗಲ ಜಾಗದಲ್ಲಿ ಕೂದಲು ಉದುರಿತು, ಮತ್ತೆ ಬರಲೇ ಇಲ್ಲ. ಅದನ್ನು ಅವಳು ಸೆರಗಿನಿಂದ ಮುಚ್ಚಿಕೊಳ್ಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಬಾವಿಯ ಕಡೆ ಬೆರಳು ತೋರಿಸುತ್ತಿದ್ದಳು.

ಎಣ್ಣೆ ಬಂದದ್ದು ಮೇಲ್ಗಡೆಯ ಲಾರಿ ರಿಪೇರಿ ಶೆಡ್ಡಿನಿಂದ. ಅದರ ಮಾಲಕನೆಂಬ ಮಹಾಶಯ ಹತ್ತು ವರ್ಷದ ಸುಟ್ಟ ಎಣ್ಣೆಯನ್ನು ಹಿತ್ತಿಲ ಗುಂಡಿಗೆ ಸುರಿದು, ಒಂದು ದಿನ ಬೀಗ ಜಡಿದು ಎತ್ತಲೋ ಹೋಗಿಬಿಟ್ಟ. ಹಿಂದಿನ ವರ್ಷದ ಮಳೆಗೆ ಗುಂಡಿ ತುಂಬಿ ಒಡೆದು ಬಾವಿಗೆ ಇಳಿಯಿತು. ಗಂಡಸರು ಗುಂಡಿಯ ಬಾಯನ್ನು ಜೇಡಿಮಣ್ಣಿನಿಂದ ಮುಚ್ಚಿದರು, ಗೋಣಿಚೀಲ ಇಳಿಬಿಟ್ಟು ದಪ್ಪ ಎಣ್ಣೆಯನ್ನೆಲ್ಲ ಹೀರಿ ತೆಗೆದರು. ಆದರೆ ಕಲ್ಲಿನ ಸಂದಿಗಳಲ್ಲಿ ಕೂತ ಎಣ್ಣೆ ಜಿನುಗುತ್ತಲೇ ಇತ್ತು. ನೀರಿನ ಮೇಲಿನ ನವಿಲುಬಣ್ಣದ ಪದರವನ್ನು ಇವತ್ತು ತೆಗೆದರೆ ನಾಳೆ ಮತ್ತೆ ಹಾಜರು. ಆ ನೀರಲ್ಲಿ ಬಟ್ಟೆ ಒಗೆದರೆ ಒದ್ದೆ ಇರುವಾಗ ಏನೂ ಕಾಣುತ್ತಿರಲಿಲ್ಲ. ಒಣಗಿದ ಮೇಲೆ ಹಳದಿ ಕಲೆ ಮೇಲೇಳುತ್ತಿತ್ತು. ಒಂದೂವರೆ ವರ್ಷದಿಂದ ಹೆಂಗಸರು ಮೈಲಿ ದೂರದ ನಲ್ಲಿಯಿಂದ ಕೊಡ ಹೊರುತ್ತಿದ್ದರು.

ಅವಧೂತನ ಸೈಕಲ್ ಮರೆಯಾದ ಮೇಲೆ ಹುಲಿಗೆವ್ವ ಹೇಳಿದಳು: "ಜೂನ್ ಬರೂದರಾಗ ಬಾವಿ ಸ್ವಚ್ಛ ಆಗ್ತದ. ನಮ್ಮ ಶಾಮಲಾ ಅಕ್ಕಾರು ಎಣ್ಣಿ ತಿನ್ನೋ ಹುಳ ಹುಡುಕ್ಯಾರ."

ವಸ್ತಿಗೆ ಹಿರಿಯಳಾದ ತಿಪ್ಪವ್ವ ಎಲೆಅಡಿಕೆ ಉಗುಳಿ ಬಂದು ಕೇಳಿದಳು: "ಎಣ್ಣಿ ತಿನ್ನೋ ಹುಳ? ನಮ್ಮನಿ ಜಿರಳಿ ದೀಪದ ಎಣ್ಣಿ ತಿಂತಾವ. ನಾಕು ಹಿಡಕೊಂಡು ಹೋಗಿ ಬಾವ್ಯಾಗ ಬಿಡು."

ಎಲ್ಲರೂ ನಕ್ಕರು. ಹುಲಿಗೆವ್ವ ನಗಲಿಲ್ಲ. ನಲವತ್ತು ಟ್ಯೂಬುಗಳಲ್ಲಿ ಮೂವತ್ತೊಂದು ಹಾಲಾದದ್ದನ್ನು ಹಿಂದಿನ ದಿನವೇ ಅವಳು ಕಣ್ಣಾರೆ ಕಂಡಿದ್ದಳು.

ಈ ಹಾಲಿನ ಕಥೆ ಹೀಗೆ. ಹುಲಿಗೆವ್ವ ಐದು ವರ್ಷದಿಂದ ಊರೊಳಗಿನ ಒಂದು ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ತೊಳೆಯುವ ದಿನಗೂಲಿ. ಸ್ವಾರಗೇಟದಲ್ಲಿ ಬಸ್ಸು ಬದಲಿಸಿ ಒಂಬತ್ತಕ್ಕೆ ಮುಟ್ಟುತ್ತಿದ್ದಳು. ಶಾಮಲಾ ಅಲ್ಲಿಯ ವಿಜ್ಞಾನಿ, ಧಾರವಾಡದ ಕಡೆಯವಳು, ವಯಸ್ಸಿನಲ್ಲಿ ಹುಲಿಗೆವ್ವನಿಗಿಂತ ಚಿಕ್ಕವಳು. ಆ ದೊಡ್ಡ ಕಟ್ಟಡದಲ್ಲಿ ಕನ್ನಡ ಆಡುವವರು ಅವರಿಬ್ಬರೇ. ಹಾಗಾಗಿ ಶಾಮಲಾ ತನ್ನ ಕೆಲಸದ ಸುಖದುಃಖವನ್ನೆಲ್ಲ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ನಿಂತು ಹೇಳಿಕೊಳ್ಳುತ್ತಿದ್ದಳು, ಹುಲಿಗೆವ್ವ ಮರುದಿನವೇ ಅದನ್ನು ವಸ್ತಿಗೆ ಸಾರುತ್ತಿದ್ದಳು.

"ಎಣ್ಣಿ, ನೀರು ಕೂಡೂದಿಲ್ಲ, ಗೊತ್ತದ ಅಲ್ಲಾ?" ಶಾಮಲಾ ಒಮ್ಮೆ ವಿವರಿಸಿದ್ದಳು. "ಮಣ್ಣಿನಾಗ ಕೆಲವು ಬ್ಯಾಕ್ಟೀರಿಯ ಇರ್ತಾವ, ಕಣ್ಣಿಗೆ ಕಾಣದ ಜೀವ. ಅವು ತಾವ ಒಂದು ಸಾಬೂನು ಮಾಡ್ಕೋತಾವ. ಬಯೋಸರ್ಫ್ಯಾಕ್ಟೆಂಟ್ ಅಂತಾರ ಅದಕ್ಕ. ಆ ಸಾಬೂನಿನಿಂದ ಎಣ್ಣಿ ಒಡದು ಸಣ್ಣ ಸಣ್ಣ ಹನಿ ಮಾಡಿ ತಿಂತಾವ. ಅಂಥಾದ್ದು ಒಂದು ಸಿಕ್ಕರ ಸಾಕು."

ಹುಡುಕುವ ರೀತಿ ಸುಲಭ. ಎಣ್ಣೆ ಬಿದ್ದ ಕಡೆಯ ಮಣ್ಣು ತಂದು, ಅದರಲ್ಲಿಯ ಜೀವಗಳನ್ನು ಬೇರೆ ಬೇರೆ ಬೆಳೆಸಿ, ಅವು ಬೆಳೆದ ಸಾರನ್ನು ಟ್ಯೂಬಿಗೆ ಹಾಕಿ, ಮೇಲೆ ಸೀಮೆಎಣ್ಣೆ ಹೊಯ್ದು ಅಲುಗಿಸುವುದು. ಸಾಬೂನು ಇಲ್ಲದಿದ್ದರೆ ಎಣ್ಣೆ ಹತ್ತು ನಿಮಿಷದಲ್ಲಿ ಮೇಲೆ ಬಂದು ನಿಲ್ಲುತ್ತದೆ. ಇದ್ದರೆ ಎರಡೂ ಕೂಡಿ ಹಾಲಿನಂತಾಗಿ, ಮರುದಿನವೂ ಹಾಗೇ ಇರುತ್ತದೆ. ಹೋಲಿಸಿ ನೋಡಲು ಶಾಮಲಾ ಎರಡು ಟ್ಯೂಬುಗಳಲ್ಲಿ ಜೀವ ಹಾಕದ ಬರೇ ಸಾರು ಇಡುತ್ತಿದ್ದಳು. ಆ ಎರಡು ಟ್ಯೂಬು ಅವಳ ಸ್ವಂತ ಕಪಾಟಿನವು; ಬೇರೆಯವರ ಕೈಗೆ ಕೊಡದೆ ತಾನೇ ತೊಳೆಯುತ್ತಿದ್ದಳು.

ಅವೆರಡರಲ್ಲಿ ಎಣ್ಣೆ ಮೇಲೆ ನಿಂತಿತು. ನಲವತ್ತರಲ್ಲಿ ಮೂವತ್ತೊಂದು ಹಾಲಾದವು. ಎಣ್ಣೆ ತಿನ್ನುವ ಜೀವ ಅಷ್ಟು ಅಗ್ಗವಾಗಿದ್ದರೆ ಲೋಕದಲ್ಲಿ ಎಣ್ಣೆಯೇ ಉಳಿಯುತ್ತಿರಲಿಲ್ಲ ಎಂಬ ಸಂಶಯ ಶಾಮಲಾಗೆ ಬರಬೇಕಿತ್ತು. ಬರಲಿಲ್ಲ. ಮೂರು ವರ್ಷ ಬರಿಗೈಲಿ ಕೂತವಳಿಗೆ ಮೂವತ್ತೊಂದು ಹಾಲಿನ ಟ್ಯೂಬು ಸಿಕ್ಕರೆ ಸಂಶಯ ಪಡಲು ಮನಸ್ಸಾಗುವುದಿಲ್ಲ. ಅವಳು ರಿಪೋರ್ಟು ಬರೆದು ಮೇಲಧಿಕಾರಿ ಸಾಹೇಬರ ಮೇಜಿನ ಮೇಲೆ ಇಟ್ಟು ಬಂದಳು, ಹುಲಿಗೆವ್ವನಿಗೆ ಒಂದು ಪೇಡೆ ಕೊಟ್ಟಳು. "ಎಷ್ಟು ಹೊಳಿತಾವ ನೋಡು ನೀ ತೊಳದ ಟ್ಯೂಬು," ಎಂದೂ ಹೊಗಳಿದಳು.

ಮುಂದಿನ ಭಾನುವಾರ ಹುಲಿಗೆವ್ವ ತಲೆಗೆ ಎರೆದುಕೊಳ್ಳಲು ಕೂತಳು. ಬೋಗುಣಿಯಲ್ಲಿ ಅಂಟವಾಳಕಾಯಿ ನೆನೆಯುತ್ತಿತ್ತು. ನೀರು ಕಾಯಿಸಲು ಈಗಷ್ಟೇ ಸ್ಟವ್ವಿಗೆ ಸೀಮೆಎಣ್ಣೆ ತುಂಬಿದ್ದಳು, ಕೈ ತೊಳೆದಿರಲಿಲ್ಲ. ಅದೇ ಕೈಯಿಂದ ಅಂಟವಾಳವನ್ನು ಕಿವುಚಿದಳು. ಬೋಗುಣಿಯ ನೀರು ಬೆಳ್ಳಗೆ ಹಾಲಾಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಎನ್ನುವವರೂ ಇರಲಿಲ್ಲ, ಅವಳಷ್ಟಕ್ಕೆ ಅವಳೇ ಹೆಗಲು ಮುಟ್ಟಿಕೊಂಡಳು. ಯಾಕೆಂದರೆ ಮೂರು ತಿಂಗಳಿಂದ ಪ್ರಯೋಗಶಾಲೆಗೆ ತೊಳೆಯುವ ಪುಡಿ ಬಂದಿರಲಿಲ್ಲ. ಸೋಡಾ ಹಾಕಿ ತಿಕ್ಕಿದರೆ ಕೈ ಸೀಳುತ್ತಿತ್ತು. ಹುಲಿಗೆವ್ವ ಯಾರಿಗೂ ಹೇಳದೆ ಮನೆಯಿಂದ ಅಂಟವಾಳ ಒಯ್ದಿದ್ದಳು. ಅಷ್ಟೇ ಆಗಿದ್ದರೆ ತೊಳೆದು ಹೋಗುತ್ತಿತ್ತೇನೋ. ಅವಳ ತವರಿನಲ್ಲಿ ಬೆಳ್ಳಿ ಕಡಗ, ಕಾಲುಂಗುರ ತೊಳೆದರೆ ಕಡೆಗೊಮ್ಮೆ ತೆಳ್ಳನೆಯ ಅಂಟವಾಳದ ನೀರಲ್ಲಿ ಅದ್ದಿ, ಒರೆಸದೆ, ಹಾಗೇ ಒಣಗಿಸುವ ಪದ್ಧತಿ. ಹೊಳಪು ನಿಲ್ಲುತ್ತದೆ ಎಂದು. ಈ ಸಲ ಟ್ಯೂಬುಗಳಿಗೂ ಅವಳು ಅದನ್ನೇ ಮಾಡಿದ್ದಳು; ಕಡೆಯ ಒಂಬತ್ತಕ್ಕೆ ಮಾತ್ರ ಅಂಟವಾಳದ ನೀರು ಸಾಲದೆ ಹೋಗಿತ್ತು. ಶಾಮಲಾ ಹೊಗಳಿದ್ದು ಆ ಹೊಳಪನ್ನು.

ಅವಳು ಎರಡು ಔಷಧದ ಬಾಟಲಿ ಹುಡುಕಿದಳು. ಒಂದನ್ನು ಏಳು ನೀರಿನಲ್ಲಿ ತೊಳೆದಳು. ಇನ್ನೊಂದನ್ನು ತೊಳೆದು, ಅಂಟವಾಳದಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿದಳು. ಎರಡಕ್ಕೂ ಬರೇ ನೀರು ಹಾಕಿ, ಸೀಮೆಎಣ್ಣೆ ಹೊಯ್ದು ಅಲುಗಿಸಿದಳು. ಒಂದರಲ್ಲಿ ಎಣ್ಣೆ ಮೇಲೆ ಬಂದು ನಿಂತಿತು. ಇನ್ನೊಂದು ಹಾಲಾಯಿತು, ಸಂಜೆಯವರೆಗೂ ಹಾಲಾಗಿಯೇ ಇತ್ತು.

ಹುಸೇನಪ್ಪ ಬಾಟಲಿಗಳನ್ನೂ ಹೆಂಡತಿಯ ಮುಖವನ್ನೂ ನೋಡಿದ. "ಹೇಳಬ್ಯಾಡ," ಎಂದ. "ಹೇಳಿದರ ಕೆಲಸಾನೂ ಹೋಗ್ತದ, ಬಾವೀನೂ ಹೋಗ್ತದ."

"ಹೇಳದಿದ್ದರ ನನ್ನ ಅಂಟವಾಳದ ನೀರನ್ನ ಬಾವ್ಯಾಗ ಸುರೀತಾರ," ಹುಲಿಗೆವ್ವ ಹೇಳಿದಳು. "ಹುಳಾನ ಇಲ್ಲಂದರ ಎಣ್ಣಿ ತಿನ್ನೋರು ಯಾರು?"

ಮರುದಿನ ಬೆಳಿಗ್ಗೆ ಅವಳು ಎರಡೂ ಬಾಟಲಿಗಳನ್ನು ಶಾಮಲಾಳ ಮುಂದೆ ಇಟ್ಟಳು. "ಅಕ್ಕಾರ, ಆ ಹಾಲು ಹುಳದ್ದಲ್ರಿ. ನಂದು."

ಪೂರ್ತಿ ಕೇಳಿದ ಮೇಲೆ ಶಾಮಲಾಳ ಮುಖ ಕೆಂಪಾಯಿತು. "ಯಾರು ಹೇಳಿದ್ರು ನಿನಗ ಅಂಟವಾಳ ಹಾಕು ಅಂತ? ಮೂರು ವರ್ಷದ ಕೆಲಸ! ಸಾಹೇಬರ ಮುಂದ ರಿಪೋರ್ಟ್ ಅದ, ಗೊತ್ತೇನು?"

"ಯಾರೂ ಹೇಳಿಲ್ರಿ. ಹೊಳಪು ಬರಲಿ ಅಂತ ಮಾಡಿದೆ."

ಶಾಮಲಾ ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತಳು. ಹುಲಿಗೆವ್ವ ತನ್ನ ಚೀಲ ಎತ್ತಿಕೊಂಡಳು. ಬಾಗಿಲವರೆಗೂ ಹೋಗಿದ್ದಳು, ಹಿಂದಿನಿಂದ ಕರೆ ಬಂತು.

"ಎಲ್ಲಿಗೆ ಹೊಂಟಿ?"

"ಮನಿಗ್ರಿ. ತಗದು ಹಾಕ್ತೀರಲ್ಲ."

"ನಿನ್ನ ತಗದು ಹಾಕಿದರ ಯಾವ ಟ್ಯೂಬಿಗೆ ಏನು ಹಾಕಿ ತೊಳದಿದ್ದೆ ಅಂತ ನನಗ ಯಾರು ಹೇಳ್ತಾರ?" ಶಾಮಲಾ ಇನ್ನೂ ಸಿಟ್ಟಿನಲ್ಲೇ ಇದ್ದಳು. ಆಮೇಲೆ ಕಿಟಕಿ ಬಿಟ್ಟು ಬಂದು ಹೇಳಿದಳು: "ತಪ್ಪು ನಂದೂ ಅದ. ಹೋಲಿಸೋ ಟ್ಯೂಬು ನಾ ತೊಳದೆ, ಉಳಿದದ್ದು ನೀ ತೊಳದಿ. ಒಂದೇ ಕೈ ತೊಳದಿದ್ದರ ಮೊದಲನೇ ದಿನಾನೇ ಸಿಕ್ಕಿಬೀಳ್ತಿತ್ತು. ಇಷ್ಟು ಓದಿ ನನಗ ಅದು ಹೊಳೀಲಿಲ್ಲ."

ಅವಳು ಸಾಹೇಬರ ಕೋಣೆಗೆ ಹೋಗಿ ರಿಪೋರ್ಟು ವಾಪಸು ತಂದಳು. ಕಣ್ಣು ಒರೆಸಿಕೊಂಡು ಬಂದದ್ದು ಹುಲಿಗೆವ್ವನಿಗೆ ಕಂಡಿತು. ಸಾಹೇಬರು ಕೊಟ್ಟ ಗಡುವು ಮೇ ತಿಂಗಳ ಕೊನೆ. ಅಷ್ಟರೊಳಗೆ ಏನೂ ಸಿಗದಿದ್ದರೆ ಈ ಹುಡುಕಾಟ ಬಂದ್, ಶಾಮಲಾ ಬೇರೆಯವರ ಕೆಲಸಕ್ಕೆ ಕೈಜೋಡಿಸಬೇಕು.

"ನಮ್ಮ ಬಾವೀಗೂ ಅಷ್ಟೇ ದಿನ ಅದ್ರಿ," ಎಂದಳು ಹುಲಿಗೆವ್ವ.

"ಹಂಗಾದರ ನಲವತ್ತೂ ತಗೋ. ನಾನೂ ತೊಳೀತೀನಿ."

ಇಬ್ಬರೂ ತೊಟ್ಟಿಯ ಎರಡು ಬದಿಗೆ ನಿಂತು ಏಳೇಳು ನೀರಿನಲ್ಲಿ ತೊಳೆದರು. ಪ್ರಯೋಗ ಮೊದಲಿನಿಂದ ನಡೆಯಿತು. ಹತ್ತು ನಿಮಿಷಕ್ಕೆ ನಲವತ್ತೂ ಟ್ಯೂಬಿನಲ್ಲಿ ಎಣ್ಣೆ ಮೇಲೆ ಬಂದು ನಿಂತಿತು. ಒಂದರಲ್ಲೂ ಹಾಲಿನ ಗುರುತಿಲ್ಲ. ಶಾಮಲಾ ನಲವತ್ತನೆಯದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು, ವಹಿಯಲ್ಲಿ ಇಲ್ಲ, ಇಲ್ಲ ಎಂದು ನಲವತ್ತು ಸಲ ಬರೆದಳು. ಮರುದಿನ ಹೊಸ ಮಣ್ಣು ತರಲು ಹೊರಟಳು.

ಡಿಸೆಂಬರ್ ಹಾಗೇ ಹೋಯಿತು. ಗ್ಯಾರೇಜುಗಳ ಮಣ್ಣು, ಗಿರಣಿಯ ಕಸ, ಕಾಲುವೆಯ ಕೆಸರು, ಯಾವುದೂ ಆಗಲಿಲ್ಲ. ಹುಲಿಗೆವ್ವ ದಾರಿಯಲ್ಲಿ ಎಲ್ಲಿ ಎಣ್ಣೆಯ ಕಲೆ ಕಂಡರೂ ಕೂತು ಮಣ್ಣು ಕೆರೆದು ಪೊಟ್ಟಣ ಕಟ್ಟುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಜನ ಅವಳನ್ನು ಮಾಟಗಾತಿ ಎಂದುಕೊಂಡು ದೂರ ನಿಲ್ಲುತ್ತಿದ್ದರು. ಅದರಿಂದ ಕೂಡಲು ಜಾಗವಾದರೂ ಸಿಗುತ್ತಿತ್ತು ಎಂದು ಹುಸೇನಪ್ಪ ಚೇಷ್ಟೆ ಮಾಡುತ್ತಿದ್ದ.

ಸಿಕ್ಕದ್ದು ಮಾತ್ರ ಮನೆಯ ಹಿತ್ತಿಲಲ್ಲಿ. ಬಾವಿಯ ಎಣ್ಣೆ ಹೀರಿದ ಗೋಣಿಚೀಲಗಳನ್ನು ಆಗಲೇ ಬೇಲಿಯ ಬದಿಗೆ ಎಸೆದಿದ್ದರು. ಬಿಸಿಲಿಗೆ ಬಿದ್ದವು ಕರ್ರಗೆ ಸೆಟೆದು ಹಲಗೆಯಂತಾಗಿದ್ದವು. ಒಂದು ಮಾತ್ರ ಬಚ್ಚಲಿನ ಮೋರಿಯ ಪಕ್ಕ ಸದಾ ತೇವದಲ್ಲಿ ಬಿದ್ದಿತ್ತು. ಸಂಕ್ರಾಂತಿಗೆ ಹಿತ್ತಿಲು ಬಳಿಯುವಾಗ ಹುಲಿಗೆವ್ವ ಅದನ್ನು ಕಾಲಿಂದ ಸರಿಸಿದಳು. ಕಾಲು ಜಾರಿತು. ಚೀಲ ಮೆತ್ತಗಾಗಿತ್ತು, ಕರಿ ಬಣ್ಣ ಹೋಗಿ ಕಂದು ಆಗಿತ್ತು, ಎಣ್ಣೆಯ ವಾಸನೆ ಇರಲಿಲ್ಲ. ಎತ್ತಿ ಹಿಂಡಿದಳು. ಬೆರಳ ಸಂದಿಯಿಂದ ನೊರೆ ಬಂತು.

ಇಪ್ಪತ್ತು ವರ್ಷ ಬಟ್ಟೆ ಒಗೆದು, ಐದು ವರ್ಷ ಗಾಜು ತೊಳೆದ ಕೈ ಅದು. ನೊರೆ ಎಂದರೆ ಅದಕ್ಕೆ ಗೊತ್ತಿತ್ತು. ಆದರೂ ಮೊದಲು ಬಂದದ್ದು ಸಂತೋಷವಲ್ಲ, ಸಂಶಯ. ಬಚ್ಚಲ ನೀರು ಹರಿಯುವ ಜಾಗ. ಸಾಬೂನೋ ಅಂಟವಾಳವೋ ಹಿಡಿದಿರಬೇಕು. ಒಮ್ಮೆ ಕೈ ಸುಟ್ಟುಕೊಂಡವಳು ಮತ್ತೆ ಹಾಗೇ ಓಡಿ ಹೋಗಿ ಹೇಳುತ್ತಾಳೆಯೇ? ಅವಳು ಚೀಲದ ನಡುವಿನಿಂದ ಅಂಗೈಯಗಲ ತುಂಡು ಕತ್ತರಿಸಿದಳು. ನಲ್ಲಿಯ ನೀರಲ್ಲಿ ಹಿಂಡಿ ಹಿಂಡಿ, ಒಂದು ಗುಳ್ಳೆಯೂ ಏಳದಂತೆ ತೊಳೆದಳು. ಏಳು ನೀರು ಸಾಲಲಿಲ್ಲ, ಹನ್ನೊಂದು ಬೇಕಾಯಿತು. ಆಮೇಲೆ ಅದನ್ನು ಒಂದು ಡಬ್ಬಿಯಲ್ಲಿ ಹಾಕಿ, ಹೊಸ ನೀರು, ಎರಡು ಹನಿ ಸುಟ್ಟ ಎಣ್ಣೆ ಹೊಯ್ದು, ಅಡಿಗೆಮನೆಯ ಮೂಲೆಯಲ್ಲಿಟ್ಟಳು. ಯಾರೂ ಮುಟ್ಟಬಾರದೆಂದು ಮೇಲೆ ಬೀಸುಕಲ್ಲು ಹೇರಿದಳು. ದಿನಾ ಸಂಜೆ ಕೆಲಸದಿಂದ ಬಂದವಳೇ ಕಲ್ಲು ಇಳಿಸಿ ನೋಡುತ್ತಿದ್ದಳು.

ಐದನೆಯ ದಿನ ಡಬ್ಬಿ ಅಲುಗಿಸಿದಾಗ ನೊರೆ ಎದ್ದಿತು. ಎಣ್ಣೆಯ ಎರಡು ಹನಿ ಕಾಣಲಿಲ್ಲ.

"ಸಾಬೂನು ಇದ್ದರ ತೊಳದ ಮ್ಯಾಲ ಹೋಗಬೇಕಲ್ರಿ," ಶಾಮಲಾಳ ಮೇಜಿನ ಮೇಲೆ ಡಬ್ಬಿ ಇಟ್ಟು ಅವಳು ಹೇಳಿದಳು. "ಹೋತು. ಆದರ ಮತ್ತ ಬಂತು. ಹೋದ ಸಾಬೂನು ತಾನಾಗಿ ತಿರುಗಿ ಬರೂದಿಲ್ರಿ ಅಕ್ಕಾರ. ಒಳಗ ಯಾರೋ ಕೂತು ಮಾಡಾಕತ್ತಾರ."

ಶಾಮಲಾ ಡಬ್ಬಿಯನ್ನು ನೋಡಲಿಲ್ಲ, ಹುಲಿಗೆವ್ವನನ್ನೇ ನೋಡುತ್ತಾ ಕೂತಳು. "ಇದನ್ನ ನಿನಗ ಯಾರು ಹೇಳಿಕೊಟ್ರು?"

"ನೀವ ಬೈದಿದ್ರಲ್ರಿ."

ಈ ಸಲ ಎಲ್ಲ ಟ್ಯೂಬುಗಳನ್ನೂ ಹೋಲಿಸುವ ಟ್ಯೂಬುಗಳನ್ನೂ ಒಂದೇ ಕೈ ತೊಳೆಯಿತು, ಹುಲಿಗೆವ್ವನ ಕೈ. ಚೀಲದ ತುಂಡಿನಿಂದ ಶಾಮಲಾ ಹನ್ನೆರಡು ಬಗೆಯ ಜೀವ ಬೇರ್ಪಡಿಸಿದಳು. ಹನ್ನೊಂದು ಟ್ಯೂಬಿನಲ್ಲಿ ಎಣ್ಣೆ ಮೇಲೆ ಬಂತು, ಹೋಲಿಸುವ ಟ್ಯೂಬುಗಳಲ್ಲೂ ಬಂತು. ಒಂಬತ್ತನೆಯದರಲ್ಲಿ ಬರಲಿಲ್ಲ. ಮರುದಿನವೂ ಹಾಲು, ವಾರದ ಮೇಲೂ ಹಾಲು. ಶಾಮಲಾ ಪೇಡೆ ತರಲಿಲ್ಲ. ನಾಲ್ಕು ಸಲ ಮತ್ತೆ ಮಾಡಿದಳು, ಒಂದು ಸಲ ಬೇರೆ ಕೋಣೆಯಲ್ಲಿ, ಬೇರೆಯವರ ಗಾಜಿನಲ್ಲಿ. ನಾಲ್ಕನೆಯ ಸಲವೂ ಹಾಲೇ ಬಂದಾಗ ಹುಲಿಗೆವ್ವನ ಒದ್ದೆ ಕೈಗಳನ್ನು ಹಿಡಿದುಕೊಂಡು ಅತ್ತುಬಿಟ್ಟಳು.

ಏಪ್ರಿಲ್ ಹದಿನೈದರ ಹೊತ್ತಿಗೆ ಒಂಬತ್ತನೆಯ ಜೀವ ಕ್ಯಾನುಗಟ್ಟಲೆ ಬೆಳೆದಿತ್ತು. ಇಬ್ಬರೂ ಎರಡೆರಡು ಕ್ಯಾನು ಹಿಡಿದು ಸ್ವಾರಗೇಟದಿಂದ ಬಸ್ಸು ಹತ್ತಿದರು. ಕಂಡಕ್ಟರ್ ಮೂಗು ಮುಚ್ಚಿಕೊಂಡು "ಕಾಯ್ ಆಹೇ ಹೇ?", ಇದೇನಿದು ಎಂದು ಕೇಳಿದ. ಹುಲಿಗೆವ್ವ "ಸಾರು" ಎಂದಳು. ಅಂಥ ಸಾರು ಉಣ್ಣುವ ಜನರ ಬಗ್ಗೆ ಅವನಿಗೆ ಬಹಳ ಮರುಕ ಬಂದಿರಬೇಕು, ಟಿಕೇಟು ಹರಿದು ಕೊಟ್ಟು ಮುಂದೆ ಹೋದ.

ಸಾರನ್ನು ಬಾವಿಯ ಗೋಡೆಗುಂಟ ಸುರಿದರು. ಜೀವಗಳಿಗೆ ಬಲ ಬರಲೆಂದು ನಾಲ್ಕು ಬೊಗಸೆ ಯೂರಿಯಾವನ್ನೂ ಕಲಸಿ ಹಾಕಿದರು. ವಸ್ತಿಯೆಲ್ಲ ಸುತ್ತ ನಿಂತು ನೋಡಿತು. ಎರಡು ವಾರ ಕಳೆಯಿತು, ನವಿಲುಬಣ್ಣ ಹಾಗೇ ಇತ್ತು.

"ಹೊಳ್ಯಾಗ ಹುಣಸಿಹಣ್ಣು ಕಿವುಚಿದಂಗಾತು," ತಿಪ್ಪವ್ವ ತೀರ್ಪು ಕೊಟ್ಟಳು. "ಬಸ್ಸಿನ ರೊಕ್ಕಾದರೂ ಉಳೀತಿತ್ತು."

ಶಾಮಲಾ ಬಾವಿಯ ಅಂಚಿಗೆ ಬೋರಲು ಮಲಗಿ, ನೂಲಿಗೆ ಬಾಟಲಿ ಕಟ್ಟಿ ಇಳಿಬಿಟ್ಟು ನೀರು ತೆಗೆದು ನೋಡಿದಳು. ಪ್ರಯೋಗಶಾಲೆಯಲ್ಲಿ ಕುಪ್ಪಿಗಳನ್ನು ಹಗಲೂ ರಾತ್ರಿ ಅಲುಗಿಸುವ ಯಂತ್ರವಿತ್ತು. ಇಲ್ಲಿ ನೀರು ಸುಮ್ಮನೆ ನಿಂತಿತ್ತು. "ಇವಕ್ಕೂ ಉಸಿರು ಬೇಕು," ಎಂದಳು. "ನೀರಿನಾಗ ಗಾಳಿ ಕೂಡಬೇಕು. ಇಷ್ಟು ದೊಡ್ಡ ಬಾವಿ ಅಲುಗಿಸೋ ಯಂತ್ರ ನನ್ನ ಕಡೆ ಇಲ್ಲ."

ಹುಲಿಗೆವ್ವ ಎದ್ದು ಹಗ್ಗ ಹಿಡಿದಳು. ಕೊಡ ಇಳಿಬಿಟ್ಟು ಸೇದಿ, ಮೇಲೆತ್ತಿ, ಅದೇ ನೀರನ್ನು ಎತ್ತರದಿಂದ ಗೋಡೆಯ ಮೇಲೆ ಬೀಳುವಂತೆ ಬಾವಿಗೇ ಸುರಿದಳು. ಮತ್ತೆ ಸೇದಿದಳು, ಮತ್ತೆ ಸುರಿದಳು. "ಯಂತ್ರ ಅದ ತಗೋರಿ," ಎಂದಳು.

ಸೇದಿದ ನೀರನ್ನು ಮನೆಗೆ ಒಯ್ಯದೆ ಬಾವಿಗೇ ಸುರಿಯುವುದನ್ನು ಕಂಡು ದಾರಿಯಲ್ಲಿ ಹೋಗುವವರು ನಿಂತು ನಕ್ಕರು. ಬೆಳಿಗ್ಗೆ ಇನ್ನೂರು ಕೊಡ, ಸಂಜೆ ಇನ್ನೂರು. ಮೊದಲ ಎರಡು ದಿನ ಹುಲಿಗೆವ್ವ, ಹುಸೇನಪ್ಪ ಇಬ್ಬರೇ. ಮೂರನೆಯ ದಿನ ಪಕ್ಕದ ಮನೆಯ ಸಕ್ಕುಬಾಯಿ ಸೆರಗು ಸಿಕ್ಕಿಸಿಕೊಂಡು ಬಂದಳು, ಅವಳ ಹಿಂದೆ ಇನ್ನೂ ನಾಲ್ವರು. ವಾರದೊಳಗೆ ಹದಿನಾರು ಮನೆಗೂ ಪಾಳಿ ಬಿತ್ತು. ಬಾವಿ ತೋಡಿದ ಕೈಗಳು, ಈಗ ವಯಸ್ಸಾಗಿದ್ದರೂ ಹಗ್ಗ ಮರೆತಿರಲಿಲ್ಲ. ತಿಪ್ಪವ್ವ ಕಟ್ಟೆಯ ಮೇಲೆ ಕೂತು ಬೈಯುತ್ತಾ ಕೊಡ ಎಣಿಸುತ್ತಿದ್ದಳು. ಯಾರಾದರೂ ಐದು ಕಡಿಮೆ ಸುರಿದರೆ ಎದ್ದು ಹೋಗಲು ಬಿಡುತ್ತಿರಲಿಲ್ಲ. ಹುಲಿಗೆವ್ವ ಸುಲಿದ ಅಂಗೈಗೆ ಬಟ್ಟೆ ಸುತ್ತಿಕೊಂಡಳು. ಆ ಕೈಯಲ್ಲೇ ಪ್ರಯೋಗಶಾಲೆಯ ಗಾಜನ್ನೂ ತೊಳೆದಳು.

ಮೇ ಹತ್ತರ ಸುಮಾರಿಗೆ ನವಿಲುಬಣ್ಣದ ಪದರ ತುಂಡು ತುಂಡಾಯಿತು. ಅಂಚಿನಲ್ಲಿ ಕಂದು ನೊರೆ ಕಟ್ಟಿತು. ಇಪ್ಪತ್ತೈದಕ್ಕೆ ಆ ನೊರೆಯೂ ಇಳಿಯಿತು. ಕರಿಕಲ್ಲು ಜಿಡ್ಡು ಬಿಟ್ಟು ಒರಟಾಗಿ ಕೈಗೆ ಸಿಕ್ಕಿತು. ಶಾಮಲಾ ಬಾಟಲಿ ಬಾಟಲಿ ನೀರು ಒಯ್ದು ಪರೀಕ್ಷೆ ಮಾಡಿದಳು. "ಕುಡೀಲಿಕ್ಕೆ ಬ್ಯಾಡ, ಅದನ್ನ ನಾ ಈಗ ಹೇಳೂದಿಲ್ಲ," ಎಂದಳು. "ಒಗೀಲಿಕ್ಕೆ, ಮೈ ತೊಳೀಲಿಕ್ಕೆ ಅಡ್ಡಿ ಇಲ್ಲ." ಪರೀಕ್ಷೆಯ ಕಾಗದವನ್ನು ಅವಧೂತನ ಆಫೀಸಿಗೂ ಕಳಿಸಿದಳು. ಉತ್ತರ ಬರಲಿಲ್ಲ.

ಜೂನ್ ಒಂದರ ಬೆಳಿಗ್ಗೆ ಗರಸಿನ ಲಾರಿ ಬಂತು. ಮುಂದೆ ಅವಧೂತ ಕೂತಿದ್ದ. ಶಾಮಲಾಳೂ ಮೊದಲ ಬಸ್ಸಿಗೆ ಬಂದಿದ್ದಳು, ಕೆಲಸಕ್ಕೆ ಹಾಗೇ ಹೋಗಬೇಕೆಂದು ಬಿಳಿ ಕೋಟು ತೊಟ್ಟೇ ಇದ್ದಳು. ಕಾಗದ ತೋರಿಸಿದಳು. ಅವಧೂತ ಓದಿದ, ಮಡಚಿ ವಾಪಸು ಕೊಟ್ಟ. ಕೆಟ್ಟ ಮನುಷ್ಯನಲ್ಲ ಆತ, ಆದರೆ ಮುಚ್ಚಿ ಬಾ ಎಂದು ಕಳಿಸಿದ್ದರು. "ಅಕ್ಕಾ, ಕಾಗದ ನನಗೆ ತಿಳಿಯೂದಿಲ್ಲ," ಎಂದ ಮರಾಠಿಯಲ್ಲಿ. "ಹೋದ ವರ್ಷ ಈ ನೀರಲ್ಲಿ ನನ್ನ ಟವೆಲ್ಲು ಅದ್ದಿದ್ದೆ. ಇವತ್ತಿಗೂ ಕಲೆ ಹೋಗಿಲ್ಲ."

ಹುಲಿಗೆವ್ವ ಮುಂದೆ ಬಂದಳು. "ಅಕ್ಕಾರ, ಕೋಟು ಬಿಚ್ಚಿ ಕೊಡ್ರಿ."

ಶಾಮಲಾ ಒಂದು ಕ್ಷಣ ಹಿಂದೆಮುಂದೆ ನೋಡಿ ಬಿಚ್ಚಿ ಕೊಟ್ಟಳು. ಬೆಳ್ಳನೆಯ ಕೋಟು, ಜೇಬಿನ ಮೇಲೆ ಹಳೆಯದೊಂದು ನೀಲಿ ಶಾಯಿಯ ಚುಕ್ಕೆ. ಹುಲಿಗೆವ್ವ ಹಗ್ಗ ಬಿಟ್ಟು ಆಳದಿಂದ ಒಂದು ಕೊಡ ಸೇದಿದಳು. ಒಗೆಯುವ ಕಲ್ಲಿನ ಮೇಲೆ ಕೋಟು ಹಾಸಿದಳು. ಸಕ್ಕುಬಾಯಿ ಓಡಿ ಹೋಗಿ ಸಾಬೂನಿನ ತುಂಡು ತಂದಳು, ಇನ್ಯಾರೋ ಅಂಟವಾಳದ ಪುಡಿ ತಂದರು.

"ಎರಡೂ ಬ್ಯಾಡ," ಹುಲಿಗೆವ್ವ ಗದರಿಸಿದಳು. "ದೂರ ಇಡ್ರಿ. ಬರೇ ನೀರು." ಆಮೇಲೆ ಅವಧೂತನ ಮುಂದೆ ಎರಡೂ ಅಂಗೈ ಚಾಚಿದಳು. "ವಾಸ್ ಘ್ಯಾ, ಭಾವೂ. ಕೈಗೆ ಏನರ ಹಚ್ಚೀನೇನು ಮೂಸಿ ನೋಡ್ರಿ."

ಅವಧೂತ 'ಬೇಡ, ಬೇಡ' ಎಂದ. ಅವಳು ಕೈ ತೆಗೆಯಲಿಲ್ಲ. ಕೊನೆಗೆ ಬಗ್ಗಿ ಆ ಸುಲಿದ ಅಂಗೈಗಳನ್ನು ಮೂಸಿದ, ತಲೆ ಅಲ್ಲಾಡಿಸಿದ.

ಅವಳು ಕೋಟನ್ನು ಕುಕ್ಕಿ ಕುಕ್ಕಿ ಒಗೆದು, ಹಿಂಡಿ, ಹಗ್ಗದ ಮೇಲೆ ಹರವಿದಳು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಒದ್ದೆಯಲ್ಲಿ ಕಲೆ ಕಾಣುವುದಿಲ್ಲ, ಒಣಗಬೇಕು. ಡ್ರೈವರ್ ಹಾರನ್ ಬಾರಿಸಿದ. ಅವಧೂತ ಅವನಿಗೆ ಸುಮ್ಮನಿರಲು ಹೇಳಿ ಕಟ್ಟೆಯ ಮೇಲೆ ಕೂತ. ಬಿಸಿಲು ಏರುತ್ತಿತ್ತು. ಹದಿನಾರು ಮನೆಯವರು ಕೆಲಸಕ್ಕೆ ಹೋಗದೆ ನಿಂತರು. ಅರ್ಧ ಗಂಟೆ ಎಲ್ಲರ ಕಣ್ಣೂ ಕೋಟಿನ ಮೇಲೆಯೇ ಇತ್ತು, ತಿಪ್ಪವ್ವ ಬೈಯುವುದನ್ನೂ ಮರೆತಿದ್ದಳು. ಅಂಥದ್ದು ಆ ವಸ್ತಿಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಹುಲಿಗೆವ್ವ ಕೋಟಿನ ಕಡೆ ನೋಡಲಿಲ್ಲ. ಬಾವಿಗೆ ಬೆನ್ನು ಕೊಟ್ಟು, ನೆತ್ತಿಯ ಬೋಳು ಜಾಗವನ್ನು ಬೆರಳಿನಿಂದ ತಡವುತ್ತಾ ಕೂತಿದ್ದಳು.

ಕೋಟಿನ ತುದಿ ಗಾಳಿಗೆ ಹಗುರಾಗಿ ಅಲ್ಲಾಡತೊಡಗಿದಾಗ ಅವಧೂತ ಎದ್ದ. ಬೆನ್ನು ನೋಡಿದ, ತೋಳು ನೋಡಿದ, ಒಳಹೊರಗು ಮಾಡಿ ಬಿಸಿಲಿಗೆ ಹಿಡಿದು ನೋಡಿದ. ಜೇಬಿನ ಹತ್ತಿರ ಬಂದು ಬೆರಳಿಟ್ಟ. "ಇದು?"

"ನನ್ನ ಪೆನ್ನು," ಎಂದಳು ಶಾಮಲಾ.

ಅವನು ಇನ್ನೊಮ್ಮೆ ಪೂರ್ತಿ ನೋಡಿದ. ಬೇರೆ ಕಲೆ ಇರಲಿಲ್ಲ. ಕಟ್ಟೆಯ ಮೇಲೆ ತಾನೇ ಅಂಟಿಸಿದ್ದ, ಬಣ್ಣಗೆಟ್ಟ ನೋಟೀಸನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಜೇಬಿಗೆ ಹಾಕಿಕೊಂಡ. ಆಫೀಸಿನಲ್ಲಿ ಏನು ಹೇಳಬೇಕೋ ತಾನು ಹೇಳುತ್ತೇನೆ ಎಂದ. ಆಮೇಲೆ ಲಾರಿಯ ಕಡೆ ತಿರುಗಿ ಕೂಗಿದ: "ಗಾಡೀ ಮಾಗೇ ಘೇ ರೇ!"

ಲಾರಿ ಹಿಂದೆ ಸರಿಯಿತು. ತಿಪ್ಪವ್ವ ತನ್ನ ಕೊಡ ತಂದು, ಯಾರ ಮುಖವನ್ನೂ ನೋಡದೆ, ಬಾವಿಗೆ ಹಗ್ಗ ಬಿಟ್ಟಳು. ಈ ಸಲ ಸೇದಿದ ನೀರನ್ನು ತಿರುಗಿ ಸುರಿಯಲಿಲ್ಲ, ಸೊಂಟದ ಮೇಲಿಟ್ಟುಕೊಂಡು ಮನೆಗೆ ಹೊರಟಳು.

ಶಾಮಲಾ ಕೋಟು ಹಾಕಿಕೊಳ್ಳುವಾಗ ಹುಲಿಗೆವ್ವ ಹಿಂದಿನಿಂದ ಕೊರಳಪಟ್ಟಿ ಸರಿಮಾಡಿದಳು. ಸಾಬೂನಿಲ್ಲದೆ ಒಗೆದ ಬಟ್ಟೆ ಮಂಕಾಗಿತ್ತು, ಸುಕ್ಕು ಸುಕ್ಕಾಗಿತ್ತು. ಅವಳು ಅದನ್ನು ಅಂಗೈಯಿಂದ ನೇವರಿಸಿದಳು. ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಆಗ ಬಂತು.

"ಹೊಳಪಿಲ್ರಿ ಅಕ್ಕಾರ," ಎಂದಳು. "ಸ್ವಚ್ಛ ಅದ."